ಹುಣಸೇಹಣ್ಣಿನ ಕೊಪ್ಪರಿಗೆ ಬಿರಿದ ವರ್ಷ

...ಅದಕ್ಕೇ ಹೇಳೋದು, ಸ್ಟೀಲು ಅಂದ್ರೆ ಎಲ್ಲಾ ಒಂದೇ ಅಲ್ಲ ಕಣ್ಲಾ. ಹೊಳೀತೈತೆ ಅಂತ ತಂದ್ಬುಟ್ಟೆ ಅಂತೀಯ. ಹೊಳೆಯೋದು ಎಲ್ಲಾನೂ ಹೊಳೀತದೆ. ಹೊಳೀತಾ ಹೊಳೀತಾನೇ ಬಿರೀತದೆ. ನಾನು ನೋಡಿದೀನಿ. ನೋಡಿದ್ದಷ್ಟೇ ಅಲ್ಲ, ಒಂದು ಬಿರುಕಿನಿಂದ ಹೆಂಡ್ತಿನ ಕಟ್ಕೊಂಡು ಊರು ಬಿಟ್ಟಿದೀನಿ. ನಿಮ್ಮಜ್ಜಿ ಇದ್ದಿದ್ರೆ ಚೆನ್ನಾಗಿ ಹೇಳೋಳು. ನಂಗೆ ಮಾತು ಕಮ್ಮಿ. ಬಂದಷ್ಟು ಹೇಳ್ತೀನಿ. ನಡುವೆ ಅಣ್ಣ ತಂಗಿ ಯಾರು ಬಾಯಿ ಹಾಕಿದ್ರೂ ಎದ್ದೋಯ್ತೀನಿ.

ಆಗ ನಾವು ಹಿಂದೂಪುರದಾಗೆ ಇದ್ವಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು, ಇಲ್ಲ, ಇನ್ನೂ ಜಾಸ್ತಿ ಆಗಿತ್ತು, ನಿಮ್ಮಪ್ಪ ಅನಂತಪುರದಾಗೆ ಐಟಿಐ ಓದ್ತಿದ್ದ. ನಾನು ಇಂಡಸ್ಟ್ರಿಯಲ್ ಏರಿಯಾದಾಗೆ ಒಂದು ಶೆಡ್‌ನಲ್ಲಿ ವೆಲ್ಡಿಂಗ್ ಮಾಡ್ತಿದ್ದೆ. ಗೇಟು, ಗ್ರಿಲ್ಲು ಅಲ್ಲ. ಫ್ಯಾಕ್ಟರಿಗಳ ಟ್ಯಾಂಕು, ಪೈಪು, ಹಬೆ ತಡೆಯೋ ಪಾತ್ರೆ. ನರಸಿಂಹಪ್ಪ ಬೆಸುಗೆ ಹಾಕಿದ್ರೆ ಸೋರಲ್ಲ ಅಂತಿದ್ರು. ನಾನು ಹೇಳ್ಕೊಂಡಿದ್ದಲ್ಲ, ಅವರು ಅಂತಿದ್ದದ್ದು. ನಂಗೆ ಇದ್ದ ಆಸ್ತಿ ಅದೊಂದೇ ಕಣಪ್ಪ, ಆ ಮಾತು. ನಮ್ಮ ಮನೆ ಗೋಡೆಗೆ ಅಂಟ್ಕೊಂಡಂಗೆ ಓಬಳೇಶನ ಮನೆ. ಅವನು ಹುಣಸೇಹಣ್ಣಿನ ಮಾರ್ಕೆಟ್‌ನಾಗೆ ಮೂಟೆ ಹೊರೋ ಹಮಾಲಿ. ನನ್ನ ಅಣ್ಣ ಅಂತಿದ್ದ. ಅವನ ಹೆಂಡ್ತಿ ಗಂಗಮ್ಮ ನಂಗೆ ಬಾವ ಅನ್ನೋಳು. ರಕ್ತಸಂಬಂಧ ಏನೂ ಇಲ್ಲ, ಒಂದೇ ಗೋಡೆ ಅಷ್ಟೇ. ಆ ಹೆಂಗಸಿನ ಬಾಯಿ ಅಂದ್ರೆ ಬಾಯಿ. ನಾನು ಕೆಲಸದಿಂದ ಬಂದು ಜಗಲಿ ಮೇಲೆ ಕೂತ್ರೆ ಸಾಕು, "ಏನ್ ಬಾವ, ಇವತ್ತು ಎಷ್ಟು ಮಾತಾಡ್ದೆ? ಹೂಂ ಅಂದಿದ್ದು ಒಂದು, ಊಹೂಂ ಅಂದಿದ್ದು ಒಂದಾ? ಅಕ್ಕಾ, ನಿನ್ನ ಗಂಡನ ಬಾಯಿಗೂ ಬೆಸುಗೆ ಹಾಕ್ಬುಟ್ಟವ್ರಾ ಯಾರಾನಾ?" ಅನ್ನೋಳು. ನಿಮ್ಮಜ್ಜಿ ಬಿದ್ದು ಬಿದ್ದು ನಗೋಳು. ನಾನು ಹೂಂ ಅಂತಿದ್ದೆ.

ಗಂಗಮ್ಮ ಕೆಲಸ ಮಾಡ್ತಿದ್ದದ್ದು ಹುಣಸೇಹಣ್ಣಿನ ಫ್ಯಾಕ್ಟರೀಲಿ. ಹಣ್ಣು ನೆನೆಸಿ, ಹಿಂಡಿ, ಆ ರಸ ಕಾಯಿಸಿ ಗಟ್ಟಿ ಮಾಡಿ, ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳ್ಸೋದು. ಹೊರಗಡೆ ಅಂಗಳದಾಗೆ ಹೆಂಗಸ್ರು ಸಾಲಾಗಿ ಕೂತು ಬೀಜ ಬಿಡ್ಸೋರು. ಗಂಗಮ್ಮನ್ನ ಒಳಗೆ ಕೊಪ್ಪರಿಗೆ ಹತ್ರ ಹಾಕಿದ್ರು, ಮರದ ಹುಟ್ಟು ಹಿಡ್ಕೊಂಡು ಕೈಯಾಡ್ಸೋಕೆ. ಅಲ್ಲೀವರೆಗೂ ಅವರದ್ದು ತಾಮ್ರದ ಕೊಪ್ಪರಿಗೆ, ಒಳಗಡೆ ಕಲಾಯಿ. ಹುಣಸೇಹಣ್ಣು ತಾಮ್ರಾನ ಬಿಡ್ತದಾ? ದೀಪದ ಕಂಬ ತಿಕ್ಕೋಕೆ ನಿಮ್ಮಜ್ಜಿ ಹುಣಸೇಹಣ್ಣು ಯಾಕೆ ತಗೋತಿದ್ಲು, ಅದು ತಿನ್ನುತ್ತೆ ಅಂತಾನೇ. ಕಲಾಯಿ ಸವೆದು ರಸಕ್ಕೆ ಒಗರು ಬಂದ್ಬುಡೋದು. ಡಬ್ಬಿಗಳು ಹಡಗು ಹತ್ತಿ ಹೋಗಿ ಹಡಗು ಹತ್ತಿ ವಾಪಸ್ ಬಂದ್ವು. ಆಗ ಫ್ಯಾಕ್ಟರಿ ಸಾವ್ಕಾರ್ರು ತೀರ್ಮಾನ ಮಾಡಿದ್ರು, ಇನ್ನು ಸ್ಟೀಲಿನದ್ದೇ ಮಾಡಿಸ್ಬೇಕು ಅಂತ. ಯಾವ ಸ್ಟೀಲು ಅಂತ ಹೇಳೋಕೆ ಬೆಂಗ್ಳೂರಿನಿಂದ ಒಬ್ಬ ಇಂಜಿನಿಯರ್‌ನ ಕರೆಸಿದ್ರು. ದಿನೇಶ ಅಂತ. ಹುಡುಗ, ಮೂವತ್ತು ಆಗಿತ್ತೋ ಇಲ್ವೋ. ಬಿಹಾರದ ಕಡೆಯೋನು. ಕನ್ನಡ ಕಲಿತಿದ್ದ, ಕಲಿತಷ್ಟು. ತೆಲುಗು ಬರ್ತಿರ್ಲಿಲ್ಲ. ಒಳ್ಳೆಯವನು. ನಾನು ಈಗ್ಲೂ ಹೇಳ್ತೀನಿ, ಒಳ್ಳೆಯವನು, ಓದಿದೋನು, ಕೆಲಸ ಗೊತ್ತಿದ್ದೋನು.

ಬಂದವನು ಮೊದಲು ಕೇಳಿದ್ದೇ ಅದು. ನಾನು ಅಳತೆ ತಗಳೋಕೆ ಅಂತ ಅಲ್ಲೇ ನಿಂತಿದ್ದೆ. ಕೊಪ್ಪರಿಗೆ ಸುತ್ತ ಇದ್ದ ಹೆಂಗಸ್ರನ್ನೆಲ್ಲ ಕರೆದು, "ಅಮ್ಮಾ, ಇದರಲ್ಲಿ ಏನು ಏನು ಬೀಳ್ತದೆ? ಎಲ್ಲಾ ಹೇಳಬೇಕು. ಸಣ್ಣದು ಇದ್ರೂ ಹೇಳಬೇಕು" ಅಂದ. ಹೆಂಗಸ್ರು ಮುಖ ಮುಖ ನೋಡ್ಕೊಂಡ್ರು. "ಹುಣಸೇಹಣ್ಣು ಕಣಪ್ಪ, ನೀರು" ಅಂದ್ಲು ಒಬ್ಬಳು. "ಬೇರೆ?" ಅಂದ. ಗಂಗಮ್ಮ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು, "ಬೇರೆ ಏನು ಬೀಳ್ತದೆ, ನಮ್ಮ ಬೆವರು ಬೀಳ್ತದೆ, ಅದನ್ನೂ ಬರ್ಕೋ" ಅಂದ್ಲು. ಎಲ್ರೂ ನಕ್ರು. ಅವನಿಗೆ ಅರ್ಥ ಆಗ್ಲಿಲ್ಲ, ಅವನೂ ನಕ್ಕ. ಸಾವ್ಕಾರ್ರು ಬಂದ್ರು. "ಏಮುಂದಯ್ಯಾ ಇಂಕ? ಚಿಂತಪಂಡು, ನೀಳ್ಳು, ಅಂತೇ" ಅಂದ್ರು. ಅಷ್ಟೇ ಅಂತೆ, ಹಣ್ಣು, ನೀರು. ದಿನೇಶ ನೀರನ್ನ ಸೀಸೆಗೆ ತುಂಬ್ಕೊಂಡು ಪರೀಕ್ಷೆಗೆ ಕಳ್ಸಿದ. ನಮ್ಮ ಕಡೆ ಬೋರ್‌ವೆಲ್ ನೀರು ಸಪ್ಪೆ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಫ್ಯಾಕ್ಟರಿಯೋರು ಮಳೆನೀರು ತೊಟ್ಟಿ ಕಟ್ಟಿಸಿ, ಮಿಷಿನ್‌ನಾಗೆ ಸೋಸಿ ಹಾಕ್ತಿದ್ರು. ನೀರಿನಾಗೆ ಏನೂ ದೋಷ ಇಲ್ಲ ಅಂತ ಬಂತು.

ಆಮೇಲೆ ಅವನೊಂದು ಕೆಲಸ ಮಾಡಿದ. ನಾಲ್ಕು ಜಾತಿ ಲೋಹದ ಪಟ್ಟಿ ತಂದ. ಬೆರಳಗಲ, ಅಂಗೈಯುದ್ದ. ಒಂದು ಬರೀ ಕಬ್ಬಿಣ. ಒಂದು ಮುನ್ನೂರಾ ನಾಲ್ಕು ಅಂತ, ನಮ್ಮ ಅಡುಗೆಮನೆ ಪಾತ್ರೆ ಜಾತಿ. ಇನ್ನೊಂದು ಮುನ್ನೂರಾ ಹದಿನಾರು, ಅದಕ್ಕಿಂತ ಗಟ್ಟಿ, ಬೆಲೆ ಜಾಸ್ತಿ. ನಾಲ್ಕನೇದು ಡ್ಯೂಪ್ಲೆಕ್ಸ್ ಅಂತ, ಅದರ ಬೆಲೆ ಕೇಳೋದೇ ಬ್ಯಾಡ. ನಾಲ್ಕನ್ನೂ ದಾರ ಕಟ್ಟಿ ಕುದಿಯೋ ರಸದಾಗೆ ನೇತಾಕಿದ. ವಾರಗಟ್ಲೆ ಇಟ್ಟ. ಹಿಂಗೆ ನೋಡಿಯೇ ಲೋಹ ಆರಿಸ್ಬೇಕು, ಪುಸ್ತಕ ನೋಡಿ ಆರಿಸ್ಬಾರ್ದು ಅಂತಿದ್ದ. ಸರೀನೇ. ಅದು ಮಾಘ ಕಳೆದು ಹೊಸ ಹಣ್ಣು ಬರೋ ಕಾಲ. ಬೆಳುಗುಪ್ಪ, ಕಂಬದೂರು ಕಡೆಯಿಂದ ಆಗತಾನೇ ಮರ ಬಡಿದ ಹಣ್ಣು, ಇನ್ನೂ ಕೆಂಪಗೆ, ಲಾರಿ ಲಾರಿ ಬರ್ತಿತ್ತು. ಪಟ್ಟಿ ತೆಗೆದ್ರು. ಕಬ್ಬಿಣ ಕರ್ರಗಾಗಿ ತಿಂದೋಗಿತ್ತು. ಮಿಕ್ಕ ಮೂರೂ ಹಂಗೇ ಇದ್ವು. ಹಾಕಿದಾಗ ಹೆಂಗಿದ್ವೋ ಹಂಗೆ.

ದಿನೇಶ ಆದ್ರೂ, "ಮುನ್ನೂರಾ ಹದಿನಾರು ಹಾಕೋಣ ಸಾರ್, ಮುಂದಕ್ಕೆ ಒಳ್ಳೇದು" ಅಂದ. ಸಾವ್ಕಾರ್ರು ಎರಡು ಪಟ್ಟಿ ಎರಡು ಕೈಲಿ ಹಿಡಿದು ಬಿಸಿಲಿಗೆ ತೋರ್ಸಿ, "ಎಂದುಕಯ್ಯಾ? ಚೂಡು, ರೆಂಡೂ ಅದ್ದಂಲಾ ಉನ್ನಾಯಿ" ಅಂದ್ರು. ಕನ್ನಡಿ ಇದ್ದಂಗವೆ ಎರಡೂ, ಯಾಕೆ ಸುಮ್ನೆ ಅಂತ. ದಿನೇಶನ ಹತ್ರ ಎದುರು ಹೇಳೋಕೆ ಏನಿತ್ತು? ಅವನೇ ಮಾಡಿದ ಪರೀಕ್ಷೆ. ಸರಿ ಅಂದ. ಅಗ್ಗದ್ದು, ಮುನ್ನೂರಾ ನಾಲ್ಕೇ ಆಯ್ತು.

ಕೊಪ್ಪರಿಗೆ ನಾನೇ ಮಾಡ್ದೆ. ಎರಡು ಪದರದ್ದು. ಒಳಗಿನ ಪದರದಾಗೆ ರಸ, ಒಳಪದರಕ್ಕೂ ಹೊರಪದರಕ್ಕೂ ನಡುವೆ ಹಬೆ. ಒಳಗಡೆ ಬೆಸುಗೇನ ಎರಡೆರಡು ಸಲ ಉಜ್ಜಿ ನುಣ್ಣಗೆ ಮಾಡ್ದೆ, ಬೆರಳಾಡ್ಸಿದ್ರೆ ಎಲ್ಲಿ ಕೂಡಿಸಿದೀನಿ ಅಂತ ತಿಳೀಬಾರ್ದು, ಹಂಗೆ. ನೀರು ತುಂಬಿ ಒತ್ತಡ ಕೊಟ್ಟು ನೋಡಿದ್ರು. ಒಂದು ಹನಿ ಬರ್ಲಿಲ್ಲ. ಯುಗಾದಿ ಆದ್ಮೇಲೆ ಕಾಯಿ ಒಡೆದು ಶುರು ಮಾಡಿದ್ರು. ಗಂಗಮ್ಮ ಅದರಾಗೆ ಮುಖ ನೋಡ್ಕೊಂಡು ಕುಂಕುಮ ಸರಿ ಮಾಡ್ಕೊಂಡ್ಲು. "ಬಾವ, ಮಾತು ಬರ್ದಿದ್ರೂ ಕೈ ಬರ್ತದೆ ನಿಂಗೆ" ಅಂದ್ಲು. ನಾನು ಹೂಂ ಅಂದೆ. ಇನ್ನೇನಾದ್ರೂ ಅನ್ಬೇಕಿತ್ತು. ಅನ್ಲಿಲ್ಲ.

ಬೇಸಿಗೆ ನಡೀತು, ಮಳೆಗಾಲ ನಡೀತು. ದೀಪಾವಳಿ ಕಳೆದು ಸ್ವಲ್ಪ ದಿನ. ಮಧ್ಯಾಹ್ನ ನಾನು ಫ್ಯಾಕ್ಟರಿ ಪಕ್ಕದ ನಮ್ಮ ಶೆಡ್‌ನಾಗೆ ಊಟದ ಡಬ್ಬಿ ಬಿಚ್ಚಿದ್ದೆ. ಢಂ ಅಂತ ಅಲ್ಲ, ಎಲ್ರೂ ಢಂ ಅಂತು ಅಂತಾರೆ, ನಂಗೆ ಕೇಳಿದ್ದು ಬುಸ್ ಅಂತ, ದೊಡ್ಡ ಹಾವು ಬುಸುಗುಟ್ಟಿದಂಗೆ. ಆಮೇಲೆ ಹೆಂಗಸ್ರ ಕೂಗು. ಓಡಿದೆ. ಒಳಪದರ ಬಿರಿದು ಹಬೆ ರಸದೊಳಗೆ ನುಗ್ಗಿತ್ತು. ಕುದಿಯೋ ರಸ ಅಷ್ಟೂ ಎದ್ದು ಹೊರಗೆ ಬಿದ್ದಿತ್ತು. ಮಿಕ್ಕೋರು ದೂರ ಇದ್ರು. ಹುಟ್ಟು ಹಿಡ್ಕೊಂಡಿದ್ದೋಳು ಗಂಗಮ್ಮ. ನೀರಾದ್ರೆ ಜಾರೋಗ್ತದೆ ಕಣಮ್ಮ. ಹುಣಸೇರಸ ಗಟ್ಟಿ ಇರ್ತದೆ. ಅಂಟ್ಕೊಳ್ತದೆ. ಹೆಚ್ಚಿಗೆ ಹೇಳಲ್ಲ ನಾನು. ಆಟೋನಾಗೆ ಮಲಗಿಸ್ಕೊಂಡು ಆಸ್ಪತ್ರೆಗೆ ಹೋದ್ರು. ಮಾರನೇ ದಿನ, ಇಲ್ಲಿ ಆಗಲ್ಲ, ಬೆಂಗ್ಳೂರಿಗೆ ಕರ್ಕೊಂಡೋಗಿ ಅಂದ್ರು. ನಿಮ್ಮಜ್ಜಿ ಜೊತೇಲಿ ಹೋದ್ಲು, ತಲೆ ತೊಡೆ ಮೇಲೆ ಇಟ್ಕೊಂಡು. ಕರ್ನಾಟಕದ ಗಡೀಲಿರೋ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ರ ಲಾರಿ ಸಾಲು ನಿಂತಿತ್ತಂತೆ. ಓಬಳೇಶ ಇಳಿದು ಒಬ್ಬೊಬ್ಬ ಡ್ರೈವರ್‌ಗೂ ಕೈ ಮುಗಿದು ದಾರಿ ಬಿಡ್ಸಿದ್ನಂತೆ. ಬಿಡ್ಸಿ ವಾಪಸ್ ಬಂದು ನೋಡಿದ್ರೆ, ಇಲ್ಲ. ಕೊಡಿಕೊಂಡ ದಾಟ್ಲಿಲ್ಲ ಅವಳು.

ಈ ಕಡೆ ಫ್ಯಾಕ್ಟರೀಲಿ ಸಾವ್ಕಾರ್ರು ಕೊಪ್ಪರಿಗೆ ಒಳಗೆ ಬ್ಯಾಟರಿ ಬಿಟ್ಟು ನೋಡಿದ್ರು. ಬಿರುಕು ಇದ್ದದ್ದು ನನ್ನ ಬೆಸುಗೆ ಪಕ್ಕದಾಗೆ. ಬೆಸುಗೆ ಮೇಲಲ್ಲ. ಪಕ್ಕದಾಗೆ. ಒಂದು ಬೆರಳು ದೂರ. ನಾನು ತೋರ್ಸಿದೆ. "ಬೆಸುಗೆ ಬಿಟ್ಟಿಲ್ಲ ಸಾವ್ಕಾರ್ರೆ. ತಗಡು ಬಿರಿದೈತೆ." ಅವರು, "ಇಷ್ಟು ದೊಡ್ಡ ತಗಡು, ಬೇರೆ ಎಲ್ಲೂ ಬಿರೀದೆ ನಿನ್ನ ಬೆಸುಗೆ ಪಕ್ಕದಾಗೇ ಯಾಕಯ್ಯಾ ಬಿರೀತು?" ಅಂದ್ರು. ಯಾಕೆ ಅಂತ ನಂಗೂ ಗೊತ್ತಿರ್ಲಿಲ್ಲ. ಸುಮ್ನೆ ನಿಂತೆ. ಸುಮ್ನೆ ನಿಂತೋನೇ ತಪ್ಪು ಮಾಡ್ದೋನು ಅಂತ ಆಗೋಯ್ತು. ಸಂಜೆ ಹೊತ್ತಿಗೆ ಊರೆಲ್ಲ ಹೇಳ್ತು, ನರಸಿಂಹಪ್ಪನ ವೆಲ್ಡಿಂಗ್ ಬಿಟ್ಕೊಂಡು ಗಂಗಮ್ಮ ಸತ್ಲು.

ಮಣ್ಣಿಗೆ ಹೋಗಿದ್ದೆ. ಹೋಗದೆ ಇರೋಕಾಗ್ತದಾ. ಗುಣಿಗೆ ಇಳಿಸಿದ್ರು, ಎಲ್ರೂ ಒಂದೊಂದು ಹಿಡಿ ಮಣ್ಣು ಹಾಕ್ತಾ ಬಂದ್ರು. ನಾನು ಬಗ್ಗಿ ಮಣ್ಣು ತಗೊಂಡೆ. ಓಬಳೇಶ ಬಂದು ನನ್ನ ಮಣಿಕಟ್ಟು ಹಿಡ್ಕೊಂಡ. ಮೂಟೆ ಹೊತ್ತ ಕೈ ಅದು, ಕಬ್ಬಿಣ. "ಈ ಕೈಯಿಂದ ಬ್ಯಾಡ ಕಣ್ಲಾ" ಅಂದ. ಅಲ್ಲೀತನಕ ಅಣ್ಣ ಅಂತಿದ್ದೋನು. ಮಣ್ಣು ಅಲ್ಲೇ ಬಿಟ್ಟೆ. ಬಂದ್ಬುಟ್ಟೆ.

ಆಮೇಲೆ ಕೆಲಸ ನಿಂತೋಯ್ತು. ಶೆಡ್ ಮಾಲೀಕ, "ಕೆಲಸ ಏನೂ ಇಲ್ಲ ನರಸಿಂಹಪ್ಪ, ಬಂದ್ರೆ ಹೇಳಿ ಕಳಿಸ್ತೀನಿ" ಅಂದ. ಅವನು ಮಾತಾಡ್ತಾ ಇರೋವಾಗ್ಲೇ ಹಿಂದಗಡೆ ಮಿಷಿನ್ ಉರೀತಾ ಇತ್ತು. ಮನೇಲಿ ಆ ಕಡೆ ಗೋಡೆಯಿಂದ ಪಾತ್ರೆ ಸದ್ದು ಬರ್ತಿರ್ಲಿಲ್ಲ. ಓಬಳೇಶ ಬೆಳಗೆದ್ದು ಬಾಗಿಲು ತೆಗೆದು ನಮ್ಮ ಬಾಗಿಲ ಕಡೆ ನೋಡಿ, ಥೂ ಅಂತ ಉಗಿದು ಕೆಲಸಕ್ಕೆ ಹೋಗೋನು. ದಿನಾ. ನಿಮ್ಮಜ್ಜಿಗೆ ತಡೆಯೋಕಾಗ್ಲಿಲ್ಲ. "ನಡಿ, ನಮ್ಮೂರಿಗೆ ಹೋಗಣ" ಅಂದ್ಲು. ಅವಳ ತವರು ಕಂಬದೂರು. ಅತ್ತೆ ಒಬ್ಳೇ ಇದ್ಲು. ಹೋದ್ವಿ. ಹೆಂಡ್ತಿ ಮನೇಲಿ ಕೂತು ತಿನ್ನೋಕಾಗ್ತದಾ, ಕಲ್ಯಾಣದುರ್ಗದಾಗೆ ಒಂದು ವೆಲ್ಡಿಂಗ್ ಅಂಗಡಿಗೆ ಸೇರ್ಕೊಂಡೆ. ಬಸ್ಸಿನಾಗೆ ಹೋಗಿ ಬರೋದು. ಅಲ್ಲಿಗೂ ಸುದ್ದಿ ಬಂದಿತ್ತು. ಸುದ್ದಿಗೆ ಬಸ್ ಚಾರ್ಜ್ ಇಲ್ವಲ್ಲ. ಒಬ್ಬ ಟ್ರಾಕ್ಟರ್ ತಂದೋನು ನನ್ನ ನೋಡಿ ಅಂಗಡಿಯೋನಿಗೆ ಹೇಳ್ತಾನೆ, "ಏಮಯ್ಯಾ, ಹಿಂದೂಪುರದಾಗೆ ಕೊಪ್ಪರಿಗೆ ಸಿಡಿಸ್ದೋನು ಇವನೇನಾ? ನನ್ನ ಟ್ರೈಲರ್ ಮುಟ್ಟಿಸ್ಬ್ಯಾಡ. ಇವನ ಕೈಗೆ ಕೋಳಿ ಗೂಡು ಕೊಡು. ಸಿಡಿದ್ರೆ ಕೋಳಿ ಸಾಯ್ತದೆ." ಅಂಗಡಿಯೋರೆಲ್ಲ ನಕ್ರು. ನಾನು ಕೋಳಿ ಗೂಡು ಮಾಡ್ದೆ. ನಿಜವಾಗ್ಲೂ ಕಣಪ್ಪ, ಬೇಕಾದಷ್ಟು ಮಾಡ್ದೆ. ಚೆನ್ನಾಗೇ ಮಾಡ್ದೆ.

ಶಿವರಾತ್ರಿ ಕಳೆದಿತ್ತು. ಒಂದು ಭಾನುವಾರ ಕಂಬದೂರಿನ ಮನೆ ಮುಂದೆ ಆಟೋ ಬಂದು ನಿಂತ್ಕೊಂತು. ಇಳಿದವನು ದಿನೇಶ. ಬೆವರು ಒರೆಸ್ಕೊಂತಾ, ಬಗಲಲ್ಲಿ ಒಂದು ಚೀಲ. ನಾನು ಕೂತ್ಕೋ ಅನ್ಲಿಲ್ಲ, ಅವನೇ ಕೂತ್ಕಂಡ. ಚೀಲದಿಂದ ಒಂದು ತುಂಡು ತಗಡು ತೆಗೆದ. ನಮ್ಮ ಕೊಪ್ಪರಿಗೆದು, ಬಿರುಕಿರೋ ಜಾಗ ಕತ್ತರಿಸಿ ತಂದಿದ್ದ. ಭೂತಗನ್ನಡಿ ಕೊಟ್ಟ. "ನೋಡಿ ನರಸಿಂಹಪ್ಪಾಜೀ" ಅಂದ. ನೋಡ್ದೆ. ಹೊರಗೆ ಕೂದಲೆಳೆಯಂಗೆ ಒಂದು ಗೆರೆ ಇದ್ದದ್ದು ಒಳಗೊಳಗೆ ಕವಲೊಡೆದು, ಒಣಗಿದ ಜಾಲಿ ಗಿಡದ ಕೊಂಬೆ ಥರ ಹರಡಿತ್ತು. ತಗಡು ಸವೆದೇ ಇಲ್ಲ. ಹೊಳಪು ಹಂಗೇ ಐತೆ. ಒಳಗೆ ಮಾತ್ರ ಪೂರ್ತಿ ಬಿರಿದೈತೆ. ಅವನು ನನ್ನ ಮುಖಾನೇ ನೋಡ್ತಾ, "ಈ ಥರ ಬಿರುಕು ಉಪ್ಪು ಇದ್ರೆ ಮಾತ್ರ ಬರ್ತದೆ. ನೀರಲ್ಲಿ ಉಪ್ಪು ಇಲ್ಲ. ಹಣ್ಣಲ್ಲಿ ಇಲ್ಲ, ನಾನೇ ನೋಡಿದ್ದೇನೆ. ನೀವು ವೆಲ್ಡಿಂಗ್ ಆದ್ಮೇಲೆ ಉಪ್ಪಿನ ಆಸಿಡ್ ಹಾಕಿ ತೊಳೆದ್ರಾ? ನಿಜ ಹೇಳಿ" ಅಂದ. ಅವನೂ ನನ್ನ ಮೇಲೇ ಅನುಮಾನ ಇಟ್ಕೊಂಡು ಬಂದಿದ್ದ ಕಣಮ್ಮ. ನಾನು "ಇಲ್ಲ" ಅಂದೆ. "ಸರಿಯಾಗಿ ನೆನಪು ಮಾಡ್ಕೊಳ್ಳಿ." "ಇಲ್ಲ ಅಂದ್ನಲ್ಲ." ಅವನು ಭೂತಗನ್ನಡಿ ಚೀಲಕ್ಕೆ ಹಾಕ್ಕೊಂಡು ತಗಡು ಕೈಗೆ ತಗೊಂಡ.

ಅಂಗಳದಾಗೆ ನಮ್ಮತ್ತೆ ಅವಳ ಪಾಡಿಗೆ ಅವಳು ಕೆಲಸ ಮಾಡ್ತಿದ್ಲು. ಹೊಸ ಹಣ್ಣಿನ ಕಾಲ. ವರ್ಷದ ಹಣ್ಣು ಗಡಿಗೆಗೆ ತುಂಬೋದು. ಒಂದು ಪದರ ಹಣ್ಣು ಹಾಕೋದು, ಮೇಲೆ ಕಲ್ಲುಪ್ಪು ಎರಚೋದು, ಮುಷ್ಟಿ ಕಟ್ಟಿ ಗುದ್ದಿ ಗುದ್ದಿ ಅಮುಕೋದು, ಮತ್ತೆ ಹಣ್ಣು. ದಿನೇಶ ಹೋಗೋಕೆ ಅಂತ ಎದ್ದೋನು ನಿಂತ್ಬುಟ್ಟ. "ಅಮ್ಮಾ, ಅದು ಬಿಳಿ ಏನು?" ಅಂದ. ನಮ್ಮತ್ತೆ ತಲೆ ಎತ್ತಿ, "ಉಪ್ಪು ಕಣಪ್ಪ. ಇನ್ನೇನು ಸಕ್ಕರೆ ಹಾಕ್ತಾರಾ?" ಅಂದ್ಲು. "ಯಾಕೆ ಹಾಕ್ತೀರಿ?" "ಅಯ್ಯೋ, ಉಪ್ಪು ಹಾಕ್ದಿದ್ರೆ ಹುಳ ಬೀಳಲ್ವಾ? ಮಳೆಗಾಲಕ್ಕೆ ಕರ್ರಗಾಗಲ್ವಾ? ನಿಮ್ಮವ್ವ ಹುಣಸೇಹಣ್ಣಿಗೆ ಏನು ಹಾಕ್ತಾಳೆ?" "ನಮ್ಮ ಮನೇಲಿ ಹುಣಸೆ ಹಾಕಲ್ಲ ಅಮ್ಮಾ. ಹುಳಿಗೆ ಮಾವಿನಕಾಯಿ ಪುಡಿ." "ಪಾಪ" ಅಂದ್ಲು ನಮ್ಮತ್ತೆ, ನಿಜವಾಗ್ಲೂ ಮರುಗಿ. ಅವನು ಗಡಿಗೆ ಮುಂದೆ ಕುಕ್ಕುರುಗಾಲಾಗೆ ಕೂತ. "ನೀವು ಒಬ್ರೇ ಹಾಕ್ತೀರಾ? ಎಲ್ಲರೂ ಹಾಕ್ತಾರಾ?" ಅಂದ. "ಊರೆಲ್ಲ ಹಾಕ್ತದೆ. ಹಾಕ್ದೆ ಇಟ್ಟ ಹಣ್ಣು ಯಾರು ತಗೋತಾರೆ? ಮಳೆಗಾಲದಾಗೆ ಮಾರ್ಕೆಟ್‌ಗೆ ಹೋಗೋದೆಲ್ಲ ಇದೇ ಗಡಿಗೆ ಹಣ್ಣು" ಅಂದ್ಲು.

ಅವನ ಕೈಲಿದ್ದ ತಗಡು ಕೆಳಗೆ ಬಿತ್ತು. ನನ್ನ ಕಡೆ ತಿರುಗಿ, "ನಾನು ಕೇಳಿದ್ದೆ. ಏನು ಏನು ಬೀಳ್ತದೆ ಅಂತ ಎಲ್ಲರಿಗೂ ಕೇಳಿದ್ದೆ" ಅಂದ. ಕೇಳಿದ್ದ, ನಾನೂ ಸಾಕ್ಷಿ. ಅವರು ಸುಳ್ಳು ಹೇಳಿರ್ಲಿಲ್ಲ ಕಣಪ್ಪ. ನಮ್ಮ ಕಡೆ ಹಳೆ ಹುಣಸೇಹಣ್ಣು ಅಂದ್ರೆ ಉಪ್ಪು ಸೇರಿಯೇ ಹುಣಸೇಹಣ್ಣು. ಅದನ್ನ ಬೇರೆ ಮಾಡಿ ಹೇಳ್ಬೇಕು ಅಂತ ಯಾರಿಗೆ ಹೊಳೀತದೆ? ಅವನು ಪರೀಕ್ಷೆ ಮಾಡಿದ್ದು ಹೊಸ ಹಣ್ಣಿನಾಗೆ, ಉಪ್ಪು ಕಾಣದ ಹಣ್ಣಿನಾಗೆ. ಶ್ರಾವಣ ಆದ್ಮೇಲೆ ಕೊಪ್ಪರಿಗೆಗೆ ಬಿದ್ದದ್ದು ಗಡಿಗೆ ಹಣ್ಣು.

ನಾನು ಒಂದೇ ಮಾತು ಕೇಳ್ದೆ. "ನಮ್ಮ ಮನೇಲಿ ಸ್ಟೀಲ್ ಪಾತ್ರೇಲಿ ದಿನಾ ಸಾರು ಕುದೀತದೆ. ಉಪ್ಪು, ಹುಳಿ ಎರಡೂ ಇರ್ತದೆ. ಅದು ಯಾಕೆ ಬಿರಿಯಲ್ಲ?" ಅವನು ಹೇಳ್ದ, ಸಾರಿನ ಪಾತ್ರೇಲಿ ಸ್ವಲ್ಪ ಹೊತ್ತು ಕುದ್ದು ಮುಗೀತದೆ, ತೊಳೆದು ಬೋರಲು ಹಾಕ್ತೀರಿ. ಇದು ಹಗಲೂ ರಾತ್ರಿ ಕುದೀತದೆ. ಮತ್ತೆ ಬೆಸುಗೆ. ಬೆಸುಗೆ ಆರೋವಾಗ ಪಕ್ಕದ ತಗಡನ್ನ ಎಳ್ಕೊಂಡು ಕೂತಿರ್ತದೆ, ಎಷ್ಟೇ ಚೆನ್ನಾಗಿ ಹಾಕು, ಯಾರೇ ಹಾಕು, ಎಳೀತದೆ. ಆ ಎಳೆತ, ಬಿಸಿ, ಹುಳಿ, ಉಪ್ಪು ಎಲ್ಲಾ ಒಂದೇ ಜಾಗದಾಗೆ ಸೇರಿದ್ರೆ ಈ ಜಾತಿ ಸ್ಟೀಲು ತಡೆಯಲ್ಲ. ಅದಕ್ಕೇ ಬೆಸುಗೆ ಪಕ್ಕ ಬಿರೀತು. ಸಾವ್ಕಾರ್ರು ಕೇಳಿದ ಪ್ರಶ್ನೆಗೆ ಉತ್ತರ ಅವತ್ತು ಸಿಕ್ತು ನಂಗೆ. ಸಿಕ್ಕಿ ಏನು.

ಸಾವ್ಕಾರ್ರು ಬಾಯಿ ಮಾತಿಗೆ ಒಪ್ಪೋರಲ್ಲ. ನಾನೂ ದಿನೇಶನೂ ಹಿಂದೂಪುರಕ್ಕೆ ಹೋದ್ವಿ. ಮತ್ತೆ ಪಟ್ಟಿ ನೇತಾಕಿದ್ರು. ಈ ಸಲ ಗಡಿಗೆ ಹಣ್ಣಿನ ರಸ. ಈ ಸಲ ಸೀದಾ ಪಟ್ಟಿ ಅಲ್ಲ, ಎತ್ತಿನ ಲಾಳದಂಗೆ ಬಗ್ಗಿಸಿ, ಎರಡು ತುದಿಗೂ ಬೋಲ್ಟ್ ಹಾಕಿ ಬಿಗಿದು, ಎಳೆತ ಇರಲಿ ಅಂತ. "ಮೊದಲೇ ಹೀಗೆ ಮಾಡಬೇಕಿತ್ತು, ನಾನು ಸೀದಾ ಹಾಕಿದೆ" ಅಂದ ದಿನೇಶ, ಸಾವ್ಕಾರ್ರ ಮುಂದೇನೇ. ಪಟ್ಟಿ ನಡುವೆ ಬೆಸುಗೆ ಬೇಕಿತ್ತು. ನಾನು ಅಂದೆ, "ನಂದು ಒಂದು ಹಾಕು. ಬೆಂಗ್ಳೂರಿನ ದೊಡ್ಡ ಅಂಗಡಿಯೋರ ಕೈಲಿ ಹಾಕ್ಸಿದ್ದು ಒಂದು ಹಾಕು. ಗುರುತು ಮಾಡಿ ಹಾಕು." ಅಷ್ಟು ಉದ್ದದ ಮಾತು ನಾನು ಆ ವರ್ಷ ಆಡಿದ್ದು ಅದೊಂದೇ ಇರ್ಬೇಕು. ಹಂಗೇ ಮಾಡಿದ್ರು. ದಿನಗಳು ಹೋದ್ವು. ಮುನ್ನೂರಾ ನಾಲ್ಕು ಬಿರೀತು. ನಂದೂ ಬಿರೀತು, ಬೆಂಗ್ಳೂರಿನೋರದ್ದೂ ಬಿರೀತು, ಒಂದೇ ಥರ, ಬೆಸುಗೆ ಪಕ್ಕ. ಮುನ್ನೂರಾ ಹದಿನಾರು ತಡೀತು, ತಡೀತು ಅಂತ ಅಂದ್ಕೊಂಡ್ವಿ, ಭೂತಗನ್ನಡೀಲಿ ನೋಡಿದ್ರೆ ಅದರಾಗೂ ಕೂದಲೆಳೆ. ಡ್ಯೂಪ್ಲೆಕ್ಸ್ ಒಂದೇ ಏನೂ ಆಗದೆ ನಿಂತಿತ್ತು.

ಸಾವ್ಕಾರ್ರು ಮೊದಲು ಬೇರೆ ದಾರಿ ನೋಡಿದ್ರು. ಉಪ್ಪು ಹಾಕದ ಹಣ್ಣೇ ತಗಳೋಣ ಅಂದ್ರು. ಮಾರ್ಕೆಟ್‌ನಾಗೆ ಹಳ್ಳಿ ಹೆಂಗಸ್ರನ್ನ ಕೇಳಿದ್ರೆ, "ಹುಳಾನ ಕೇಜಿ ಲೆಕ್ಕದಾಗೆ ತಗೋತೀರಾ?" ಅಂದ್ರಂತೆ. ತೊಳೆದು ನೋಡೋಣ ಅಂದ್ರು. ತೊಳೆದ್ರೆ ಉಪ್ಪಿನ ಜೊತೆ ಹುಳೀನೂ ಹೋಯ್ತು. ಮಧ್ಯದ ಜಾತಿ, ಮುನ್ನೂರಾ ಹದಿನಾರು ಹಾಕಿ ವರ್ಷ ವರ್ಷ ನೋಡ್ಕೊಳ್ಳೋಣ ಅಂದ್ರು. ದಿನೇಶ, "ನೋಡ್ಕೊಳ್ಳೋದಕ್ಕೆ ಯಾರನ್ನು ನಿಲ್ಲಿಸ್ತೀರಿ ಸಾರ್ ಹತ್ರ?" ಅಂದ. ಅಂಗಳದಾಗೆ ಹೆಂಗಸ್ರು ಬೀಜ ಬಿಡ್ಸೋ ಸದ್ದು ಒಂದೇ. ಟಕ್ ಟಕ್ ಅಂತ. ಕೊನೆಗೆ ಸಾವ್ಕಾರ್ರು ಡ್ಯೂಪ್ಲೆಕ್ಸೇ ತರಿಸಿದ್ರು. ನನ್ನ ಕರೆದು, "ಪೊರಪಾಟು ಅಯಿಂದಿ ನರಸಿಂಹಪ್ಪ, ಹೊಸಾದು ನೀನೇ ಮಾಡು" ಅಂದ್ರು. ತಪ್ಪಾಯ್ತಂತೆ. ಯಾರಿಂದ ಅಂತ ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಮಾಡ್ದೆ. ಅದರ ಬೆಸುಗೆ ಕಷ್ಟ ಕಣ್ಲಾ, ಜಾಸ್ತಿ ಕಾಯಿಸೋ ಹಂಗಿಲ್ಲ, ಬೇಗ ಆರಿಸೋ ಹಂಗಿಲ್ಲ, ಅದಕ್ಕೆ ರಾಡೂ ಬೇರೆ. ಇದನ್ನ ಶುರು ಮಾಡಿದಾಗ್ಲೂ ಕಾಯಿ ಒಡೆದ್ರು. ನಾನು ಆ ದಿನ ಒಳಗೆ ಹೋಗ್ಲಿಲ್ಲ.

ನಿಮ್ಮಜ್ಜೀನ ಕರ್ಕೊಂಡು ಹಿಂದೂಪುರದ ಅದೇ ಹಳೇ ಮನೆಗೆ ವಾಪಸ್ ಬಂದೆ. ಆದ್ರೆ ಊರು ಹಂಗೇ ಇತ್ತು. ಫ್ಯಾಕ್ಟರಿ ಒಳಗೆ ಗೊತ್ತಾದ್ದು ಬೀದಿಗೆ ಬರಲ್ಲ. ಕೆಟ್ಟ ಸುದ್ದಿ ಕಲ್ಯಾಣದುರ್ಗಕ್ಕೆ ಹೋಯ್ತು, ಒಳ್ಳೇ ಸುದ್ದಿ ಗೇಟು ದಾಟ್ಲಿಲ್ಲ. 'ಸಾವ್ಕಾರ್ರ ಕೈಕಾಲು ಹಿಡ್ಕೊಂಡು ಮತ್ತೆ ಸೇರ್ಕೊಂಡ' ಅಂದ್ರು. ನಂಗೆ ಊರು ಬೇಕಾಗಿರ್ಲಿಲ್ಲ. ಒಬ್ಬನಿಗೆ ಹೇಳ್ಬೇಕಿತ್ತು. ಬಿರಿದ ಆ ಎರಡು ಪಟ್ಟಿ ಟವೆಲ್‌ನಾಗೆ ಸುತ್ಕೊಂಡು ಮಾರ್ಕೆಟ್‌ಗೆ ಹೋದೆ. ಓಬಳೇಶ ಮೂಟೆ ಇಳಿಸಿ, ಮೂಟೆಗೇ ಒರಗಿ ಕೂತಿದ್ದ. ಸೊರಗಿ ಇಳಿದೋಗಿದ್ದ. ನನ್ನ ನೋಡಿ ಎದ್ದೇಳೋಕೆ ಹೋದ. "ಕೂತ್ಕೋ. ಇದನ್ನ ನೋಡು. ನೋಡಿ ಆಮೇಲೆ ಉಗಿ" ಅಂದೆ. ಪಟ್ಟಿ ಕೊಟ್ಟೆ. ಇದು ನನ್ನ ಬೆಸುಗೆ, ಇದು ಬೇರೆಯೋರದ್ದು, ಎರಡೂ ಬಿರಿದವೆ, ಬಿರಿಸಿದ್ದು ಉಪ್ಪು, ಗಡಿಗೆಗೆ ಹಾಕೋ ಉಪ್ಪು ಅಂತ ಹೇಳ್ದೆ. ಅವನು ಪಟ್ಟಿ ಮೇಲೆ ಹೆಬ್ಬೆರಳು ಆಡಿಸ್ದ. ಬಹಳ ಹೊತ್ತು ಆಡಿಸ್ದ.

"ಉಪ್ಪಾ?" ಅಂದ.

"ಉಪ್ಪು."

"ಯಾರು ಹಾಕಿದ್ದು?"

"ಎಲ್ರೂ."

"ನಮ್ಮವ್ವನೂ ಹಾಕ್ತಾಳೆ. ಗಂಗಿನೂ ಹಾಕೋಳು" ಅಂದ.

"ಹೂಂ" ಅಂದೆ.

ಅವನು ಪಟ್ಟಿ ವಾಪಸ್ ಕೊಟ್ಟ. ನನ್ನ ಮುಖ ನೋಡ್ಲಿಲ್ಲ. "ನೀನು ಮಾಡ್ದೆ ಅಂತ ಅಂದ್ಕೊಂಡಿದ್ನಲ್ಲ ಅಣ್ಣ, ಅದೇ ಚೆನ್ನಾಗಿತ್ತು. ಬೆಳಗೆದ್ರೆ ಉಗಿಯೋಕೆ ಒಂದು ಬಾಗಿಲು ಇತ್ತು. ಈಗ ನಾನು ಯಾರನ್ನ ಬೈಯ್ಲಿ? ಉಪ್ಪಿನ ಗಡಿಗೆನ ಬೈಯ್ಲಾ? ನಮ್ಮವ್ವನ ಬೈಯ್ಲಾ? ಯಾಕೆ ಬಂದು ಹೇಳ್ದೆ ಇದನ್ನ?" ಅಂದ. ಎದ್ದ. ಮೂಟೆ ಎತ್ಕೊಂಡು ಹೋದ. ನಾನು ಪಟ್ಟಿಗಳನ್ನ ಮತ್ತೆ ಟವೆಲ್ಲಿಗೆ ಸುತ್ಕೊಂಡೆ. ಆಮೇಲೆ ಅವನು ಉಗಿಯೋದು ಬಿಟ್ಟ. ಮಾತೂ ಬಿಟ್ಟ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಮನೆ ಖಾಲಿ ಮಾಡ್ಕೊಂಡು ಹೋದ. ಎಲ್ಲಿಗೆ ಅಂತ ಹೇಳ್ಲಿಲ್ಲ.

ಅಷ್ಟೇ. ಇನ್ನೇನಿಲ್ಲ. ಹೊಸಬರು ಯಾರಾನಾ ಬಂದು ನಿಮ್ಮ ಮನೆ ಕೆಲಸ ಹೆಂಗೆ ಅಂತ ಕೇಳಿದ್ರೆ, ಇದನ್ನೇನು ಹೇಳೋದು ಬಿಡು, ಎಲ್ರಿಗೂ ಗೊತ್ತಿರೋದೇ ಅಂತ ಒಂದು ಅನ್ನಿಸ್ತದಲ್ಲ, ಅದನ್ನೇ ಮೊದಲು ಹೇಳಿ. ಏಳಿ ಈಗ, ಅನ್ನ ಆರ್ತದೆ.